ಕಡಿಮೆ ಖರ್ಚಿನ ವಾಕಿಟಾಕಿ ಮತ್ತು ಆಂಟೆನಾ: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಕೈಯಲ್ಲಿ ಹಿಡಿದು ಮಾತನಾಡುವ ದ್ವಿಮುಖ ರೇಡಿಯೊಗಳು ಈಗ ಸಾಮಾನ್ಯರ ಕೈಗೆಟುಕುವ ಬೆಲೆಗೆ ಸಿಗುತ್ತವೆ. ಆದರೆ ಅವುಗಳಿಂದ ಏನನ್ನು ನಿರೀಕ್ಷಿಸಬಹುದು, ಹಣವನ್ನು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು ಎಂಬ ತಿಳಿವಳಿಕೆ ಪೆಟ್ಟಿಗೆಯೊಳಗೆ ಬರುವ ಕೈಪಿಡಿಯಲ್ಲಿ ಇರುವುದಿಲ್ಲ. ಹೊಸಬರು ಮೊದಲ ಕೆಲವು ತಿಂಗಳಲ್ಲಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಆಂಟೆನಾದ ವಿಷಯಕ್ಕೆ ಬೇಕೆಂದೇ ಹೆಚ್ಚು ಜಾಗ ಕೊಟ್ಟಿದ್ದೇನೆ, ಏಕೆಂದರೆ ಅಗ್ಗದ ರೇಡಿಯೊದಿಂದ ಒಳ್ಳೆಯ ಕೆಲಸ ತೆಗೆಯುವ ದಾರಿ ಆಂಟೆನಾದ ಮೂಲಕವೇ ಹೋಗುತ್ತದೆ.

ರೇಡಿಯೊ ಬಳಸಲು ಪರವಾನಗಿ ಬೇಕೆ?

ರೇಡಿಯೊವನ್ನು ಕೊಳ್ಳುವುದಕ್ಕೂ, ಇಟ್ಟುಕೊಳ್ಳುವುದಕ್ಕೂ, ಅದರಿಂದ ಪ್ರಸಾರ ಮಾಡುವುದಕ್ಕೂ ಒಂದೊಂದು ದೇಶದಲ್ಲಿ ಒಂದೊಂದು ನಿಯಮವಿದೆ. ಕೆಲವೆಡೆ ಕೊಳ್ಳುವ ಮೊದಲೇ ಪರವಾನಗಿ ಕೈಯಲ್ಲಿರಬೇಕಾಗುತ್ತದೆ. ಆದ್ದರಿಂದ ಹಣ ಕೊಡುವ ಮುನ್ನ ನಿಮ್ಮ ದೇಶದ ದೂರಸಂಪರ್ಕ ಇಲಾಖೆಯ ನಿಯಮವನ್ನು ಓದಿಕೊಳ್ಳಿ.

ಸ್ಥೂಲವಾಗಿ ಹೇಳುವುದಾದರೆ ಎರಡು ದಾರಿಗಳಿವೆ. ಮೊದಲನೆಯದು ಪರವಾನಗಿ ಬೇಡದ, ಕಡಿಮೆ ಶಕ್ತಿಯ ರೇಡಿಯೊಗಳದ್ದು. ಯುರೋಪಿನಲ್ಲಿ ಇದಕ್ಕೆ ಪಿಎಂಆರ್446 ಎನ್ನುತ್ತಾರೆ, ಅಲ್ಲಿ 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಅರ್ಧ ವ್ಯಾಟ್ ಶಕ್ತಿಗೆ ಮಾತ್ರ ಅವಕಾಶ. ಅಮೆರಿಕದ ಎಫ್‌ಆರ್‌ಎಸ್ ಸೇವೆಯಲ್ಲಿ 22 ಚಾನೆಲ್‌ಗಳಿದ್ದು, ಗರಿಷ್ಠ ಶಕ್ತಿ 2 ವ್ಯಾಟ್. ಈ ಎರಡೂ ಸೇವೆಗಳಲ್ಲಿ ಆಂಟೆನಾ ಬಿಚ್ಚಲು ಬಾರದಂತೆ ರೇಡಿಯೊಗೆ ಕೂಡಿಕೊಂಡೇ ಇರಬೇಕೆಂಬ ನಿಯಮವಿದೆ. ಆಂಟೆನಾ ಬದಲಿಸಬಹುದಾದ 5 ವ್ಯಾಟ್‌ನ ರೇಡಿಯೊವೊಂದು ಇದೇ ಫ್ರೀಕ್ವೆನ್ಸಿಗಳಿಗೆ ಟ್ಯೂನ್ ಆಗುತ್ತದೆ ಎಂದ ಮಾತ್ರಕ್ಕೆ ಅದನ್ನು ಅಲ್ಲಿ ಬಳಸುವುದು ಕಾನೂನುಬದ್ಧವಾಗುವುದಿಲ್ಲ.

ಎರಡನೆಯದು ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಿ ರೇಡಿಯೊ ಸೇವೆಯ ದಾರಿ. ಇದಕ್ಕೆ ತಾಂತ್ರಿಕ ವಿಷಯ ಮತ್ತು ನಿಯಮಗಳ ಮೇಲೆ ಒಂದು ಪರೀಕ್ಷೆ ಬರೆದು, ಸ್ವಂತ ಕರೆ ಸಂಕೇತ (ರೇಡಿಯೊದಲ್ಲಿ ನಿಮ್ಮನ್ನು ಗುರುತಿಸುವ ಅಕ್ಷರ-ಅಂಕಿಗಳ ಹೆಸರು) ಪಡೆಯಬೇಕು. ಆಂಟೆನಾಗಳನ್ನು ಕಟ್ಟಿ ಪ್ರಯೋಗ ಮಾಡುವ ಆಸೆ ಇರುವವರಿಗೆ ಇದೇ ಸರಿಯಾದ ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ. ವ್ಯಾಪಾರದ ಮಾತುಕತೆಗೆ ಈ ಸೇವೆಯನ್ನು ಬಳಸುವಂತಿಲ್ಲ. ಮಾತನ್ನು ಗುಟ್ಟಾಗಿಡಲು ಸಂಕೇತೀಕರಣ ಮಾಡುವಂತಿಲ್ಲ. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಈ ದಾರಿ ಹಿಡಿಯುವವರಿಗೆ ಸಂಬಂಧಿಸಿದವು.

ಮೊದಲ ರೇಡಿಯೊ ಯಾವುದಿರಬೇಕು?

ಎರಡು ಬ್ಯಾಂಡ್‌ಗಳ, ಅಂದರೆ ಎರಡು ಫ್ರೀಕ್ವೆನ್ಸಿ ಪಟ್ಟಿಗಳ, ಅಗ್ಗದ ಕೈರೇಡಿಯೊ ಸಾಕು. ಬಾವೊಫೆಂಗ್ ಯುವಿ-5ಆರ್ ಬಂದ ಮೇಲೆ, ಅಂದರೆ 2012ರಿಂದ ಈಚೆಗೆ, ಈ ವರ್ಗದ ರೇಡಿಯೊಗಳ ಬೆಲೆ ಹಿಂದೆ ಊಹಿಸಲಾಗದಷ್ಟು ಇಳಿಯಿತು. ಮೊದಲು ಹಲವು ಹಂತಗಳ ಮಂಡಲಗಳು ಮಾಡುತ್ತಿದ್ದ ಕೆಲಸವನ್ನು ಒಂದೇ ಚಿಪ್ ಮಾಡುವಂತಾದದ್ದು ಇದಕ್ಕೆ ಮುಖ್ಯ ಕಾರಣ. ಆ ಮಾದರಿಯೂ, ಅದರ ನಂತರ ಬಂದ ಕ್ವಾನ್‌ಶೆಂಗ್ ಯುವಿ-ಕೆ5ರಂಥವೂ ಕಲಿಯುವವರಿಗೆ ಯೋಗ್ಯವಾದ ಯಂತ್ರಗಳೇ.

ಬೆಲೆ ಇಳಿದಾಗ ಕಳೆದುಹೋದದ್ದು ಏನೆಂಬುದನ್ನೂ ತಿಳಿದಿರಬೇಕು. ಒಂದು, ಗ್ರಾಹಕ ಭಾಗದಲ್ಲಿ, ಅಂದರೆ ರೇಡಿಯೊದ ಕೇಳಿಸಿಕೊಳ್ಳುವ ಭಾಗದಲ್ಲಿ, ಬೇಡದ ಸಂಕೇತಗಳನ್ನು ಸೋಸುವ ಫಿಲ್ಟರ್‌ಗಳು ದುರ್ಬಲವಾಗಿರುತ್ತವೆ. ಹತ್ತಿರದಲ್ಲಿ ಪ್ರಬಲವಾದ ಬೇರೆ ಪ್ರಸಾರಕವಿದ್ದರೆ ರೇಡಿಯೊ ಕಿವುಡಾಗುತ್ತದೆ. ಎರಡು, ಕೆಲವು ಘಟಕಗಳಲ್ಲಿ ನೀವು ಆರಿಸಿದ ಫ್ರೀಕ್ವೆನ್ಸಿಯ ಎರಡರಷ್ಟು, ಮೂರರಷ್ಟು ಫ್ರೀಕ್ವೆನ್ಸಿಗಳಲ್ಲೂ ಅನುಮತಿಸಿದ ಮಿತಿಗಿಂತ ಹೆಚ್ಚಿನ ಶಕ್ತಿ ಸೋರುವುದು ಅಳತೆಗಳಲ್ಲಿ ಕಂಡುಬಂದಿದೆ. ಅದೇ ಮಾದರಿಯ ಎರಡು ರೇಡಿಯೊಗಳಲ್ಲಿ ಒಂದು ಚೆನ್ನಾಗಿದ್ದು ಇನ್ನೊಂದು ಕೆಟ್ಟದಾಗಿರುವುದೂ ಉಂಟು. ಆದ್ದರಿಂದ ಸಾಧ್ಯವಾದರೆ ಹತ್ತಿರದ ಹ್ಯಾಮ್ ಕ್ಲಬ್ಬಿಗೆ ಕೊಂಡೊಯ್ದು, ಅಳೆಯುವ ಉಪಕರಣ ಇರುವವರಿಂದ ಒಮ್ಮೆ ಪರೀಕ್ಷೆ ಮಾಡಿಸಿ.

ಒಂದೇ ದುಬಾರಿ ರೇಡಿಯೊಗಿಂತ ಎರಡು ಅಗ್ಗದ ರೇಡಿಯೊಗಳು ಹೊಸಬರಿಗೆ ಹೆಚ್ಚು ಕಲಿಸುತ್ತವೆ. ಒಂದನ್ನು ಗೆಳೆಯರ ಕೈಗಿತ್ತು, ಆಂಟೆನಾ ಬದಲಿಸುತ್ತ, ನಿಲ್ಲುವ ಜಾಗ ಬದಲಿಸುತ್ತ ಹೋಲಿಸಿ ನೋಡಬಹುದು.

ಪೆಟ್ಟಿಗೆಯ ಮೇಲೆ ಬರೆದಷ್ಟು ದೂರ ನಿಜವಾಗಿಯೂ ಕೇಳುತ್ತದೆಯೆ?

ಸಾಮಾನ್ಯವಾಗಿ ಇಲ್ಲ. ಈ ಕೈರೇಡಿಯೊಗಳ ಎರಡು ಬ್ಯಾಂಡ್‌ಗಳಾದ ವಿಎಚ್‌ಎಫ್ ಮತ್ತು ಯುಎಚ್‌ಎಫ್‌ನ ಅಲೆಗಳು ಹೆಚ್ಚೂಕಡಿಮೆ ನೇರವಾಗಿ ಸಾಗುತ್ತವೆ. ಭೂಮಿ ಗುಂಡಗಿರುವುದರಿಂದ ಆಂಟೆನಾ ಎಷ್ಟು ಎತ್ತರದಲ್ಲಿದೆಯೋ ಅದಕ್ಕೆ ತಕ್ಕಂತೆ ಒಂದು ರೇಡಿಯೊ ದಿಗಂತ ಇರುತ್ತದೆ. ಇದನ್ನು ಲೆಕ್ಕ ಹಾಕುವುದು ಸುಲಭ: ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ.

ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಹಿಡಿದ ರೇಡಿಯೊಗೆ ಈ ದೂರ ಸುಮಾರು 5 ಕಿಲೋಮೀಟರ್. ಎದುರಿನವರೂ ಹಾಗೆಯೇ ನಿಂತಿದ್ದರೆ ಇಬ್ಬರದೂ ಸೇರಿ 10 ಕಿಲೋಮೀಟರ್; ಅದೂ ನಡುವೆ ಒಂದು ಮರವಾಗಲಿ ಗೋಡೆಯಾಗಲಿ ಇಲ್ಲದ ಬಟ್ಟಬಯಲಿನಲ್ಲಿ. ಕಟ್ಟಡಗಳು ಒತ್ತೊತ್ತಾಗಿರುವ ಕಡೆ ಒಂದೆರಡು ಕಿಲೋಮೀಟರ್ ಸಿಕ್ಕರೆ ಅದೇ ಸರಿಯಾದ ಫಲ. ಅದೇ ಆಂಟೆನಾ 10 ಮೀಟರ್ ಎತ್ತರಕ್ಕೆ ಏರಿದರೆ ಅದರ ದಿಗಂತ 13 ಕಿಲೋಮೀಟರಿಗೂ, 100 ಮೀಟರ್ ಎತ್ತರದ ಗುಡ್ಡದ ಮೇಲೇರಿದರೆ 41 ಕಿಲೋಮೀಟರಿಗೂ ಸರಿಯುತ್ತದೆ. ಹೀಗಾಗಿ ಮನೆಯೊಳಗಿಂದ ಮಹಡಿಗೆ ಹೋಗುವುದು ಯಾವ ಖರ್ಚೂ ಇಲ್ಲದ ಅತ್ಯುತ್ತಮ ಸುಧಾರಣೆ.

ಹಾಗಾದರೆ 5 ವ್ಯಾಟ್‌ನ ಬದಲು 10 ವ್ಯಾಟ್‌ನ ರೇಡಿಯೊ ಕೊಂಡರೆ ದೂರ ಎರಡರಷ್ಟಾಗುವುದಿಲ್ಲವೆ?

ಆಗುವುದಿಲ್ಲ. ಶಕ್ತಿ ಎರಡರಷ್ಟಾದಾಗ ಸಂಕೇತ 3 ಡೆಸಿಬೆಲ್ (ಶಕ್ತಿ ಎಷ್ಟು ಪಟ್ಟು ಏರಿತು, ಇಳಿಯಿತು ಎಂದು ಹೇಳುವ ಅಳತೆ) ಏರುತ್ತದೆ. ಸಂಕೇತದ ಬಲವನ್ನು ತೋರಿಸುವ ಗ್ರಾಹಕದ ಮೀಟರಿನಲ್ಲಿ ಒಂದು ಎಸ್ ಅಂಕ ಏರಲು 6 ಡೆಸಿಬೆಲ್, ಅಂದರೆ ನಾಲ್ಕು ಪಟ್ಟು ಶಕ್ತಿ ಬೇಕು. 5 ವ್ಯಾಟ್‌ನಿಂದ 10 ವ್ಯಾಟ್‌ಗೆ ಹೋದರೆ ಸಿಗುವುದು ಅರ್ಧ ಅಂಕ. ಕೇಳುವವರಿಗೆ ಆ ವ್ಯತ್ಯಾಸ ಗೊತ್ತಾಗುವುದೇ ಅಪರೂಪ. ನಿಮ್ಮ ಬ್ಯಾಟರಿಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಅಲ್ಲದೆ ಅಗ್ಗದ ಮಾದರಿಗಳ ಮೇಲೆ ಬರೆದ 8 ಅಥವಾ 10 ವ್ಯಾಟ್ ಎಂಬ ಅಂಕಿ, ಅಳೆದು ನೋಡಿದಾಗ ಎಷ್ಟೋ ಸಲ ಅದಕ್ಕಿಂತ ಕಡಿಮೆ ಇರುತ್ತದೆ. ಹೆಚ್ಚುವರಿ ಶಕ್ತಿಯಿಂದ ನಿಮ್ಮ ಕಿವಿ ಚುರುಕಾಗುವುದಿಲ್ಲ ಎಂಬುದೂ ಮುಖ್ಯ. ಒಳ್ಳೆಯ ಆಂಟೆನಾ ಕಳುಹಿಸುವಾಗಲೂ ಕೇಳುವಾಗಲೂ ನೆರವಾಗುತ್ತದೆ.

ವಿಎಚ್‌ಎಫ್ ಒಳ್ಳೆಯದೊ, ಯುಎಚ್‌ಎಫ್ ಒಳ್ಳೆಯದೊ?

ಹ್ಯಾಮ್‌ಗಳ ವಿಎಚ್‌ಎಫ್ ಬ್ಯಾಂಡ್ 144 ಮೆಗಾಹರ್ಟ್ಸ್‌ನಿಂದ ಆರಂಭವಾಗುತ್ತದೆ. ತರಂಗಾಂತರ ಸುಮಾರು 2 ಮೀಟರ್ ಇರುವುದರಿಂದ ಅದನ್ನು 2 ಮೀಟರ್ ಬ್ಯಾಂಡ್ ಎಂದೇ ಕರೆಯುತ್ತಾರೆ. ಯುಎಚ್‌ಎಫ್ ಬ್ಯಾಂಡ್ 430 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿದೆ; ಅದು 70 ಸೆಂಟಿಮೀಟರ್ ಬ್ಯಾಂಡ್. ಗುಡ್ಡ, ಮರಗಳಿರುವ ಬಯಲು ಪ್ರದೇಶದಲ್ಲಿ ವಿಎಚ್‌ಎಫ್ ಸ್ವಲ್ಪ ಮೇಲು. ಕಟ್ಟಡಗಳ ಒಳಗೆ, ಕಿಟಕಿ ಬಾಗಿಲುಗಳ ಮೂಲಕ ನುಸುಳಿ ಹೋಗಬೇಕಾದಾಗ ಯುಎಚ್‌ಎಫ್ ಮೇಲು. ಎರಡೂ ಬ್ಯಾಂಡ್ ಇರುವ ರೇಡಿಯೊ ನಿಮ್ಮಲ್ಲಿರುವುದರಿಂದ, ನೀವು ಮಾತನಾಡುವ ಜಾಗದಲ್ಲೇ ಎರಡನ್ನೂ ಪರೀಕ್ಷಿಸಿ ನಿರ್ಧರಿಸಿ.

ರೇಡಿಯೊ ಜೊತೆ ಬರುವ ಗಿಡ್ಡ ಆಂಟೆನಾ ಸಾಲದೆ?

ಹತ್ತಿರದ ಮಾತುಕತೆಗೆ ಸಾಕು. ಆದರೆ 2 ಮೀಟರ್ ಬ್ಯಾಂಡಿನಲ್ಲಿ ಪೂರ್ಣ ಕಾಲು ತರಂಗದ ಉದ್ದ (ತರಂಗಾಂತರದ ಕಾಲುಭಾಗ) ಅರ್ಧ ಮೀಟರ್ ಆಗುವಾಗ, ಅಂಗೈಯಗಲದ ರಬ್ಬರ್ ಆಂಟೆನಾ ತಂತಿಯನ್ನು ಸುರುಳಿ ಸುತ್ತಿ ಆ ಉದ್ದವನ್ನು ಹೇಗೋ ಸರಿದೂಗಿಸುತ್ತಿರುತ್ತದೆ. ಅದರಲ್ಲಿ ಶಕ್ತಿಯ ಗಣನೀಯ ಭಾಗ ಅಲೆಯಾಗದೆ ಪೋಲಾಗುತ್ತದೆ. ಸುಮಾರು 40 ಸೆಂಟಿಮೀಟರ್ ಉದ್ದದ, ಬಳುಕುವ ಎರಡು ಬ್ಯಾಂಡಿನ ಆಂಟೆನಾ ಹಾಕಿದರೆ, ವಿಶೇಷವಾಗಿ 2 ಮೀಟರಿನಲ್ಲಿ, ವ್ಯತ್ಯಾಸ ಕಿವಿಗೆ ಕೇಳುವಷ್ಟು ಇರುತ್ತದೆ. ಈ ಬಗೆಯಲ್ಲಿ ನಗೋಯ ಎನ್‌ಎ-771 ಹೆಸರುವಾಸಿ. ಹೆಸರುವಾಸಿಯಾದ ಕಾರಣಕ್ಕೇ ಅದರ ನಕಲುಗಳೂ ಬಹಳ. ನಂಬಿಕೆಯ ಮಾರಾಟಗಾರರಿಂದಲೇ ಕೊಳ್ಳಿ.

ಕೊಳ್ಳುವ ಮುನ್ನ ರೇಡಿಯೊದ ತಲೆಯ ಮೇಲಿರುವ ಕನೆಕ್ಟರನ್ನು ನೋಡಿ. ಯುವಿ-5ಆರ್‌ನಂಥ ಹಲವು ಅಗ್ಗದ ರೇಡಿಯೊಗಳಲ್ಲಿ ಮಧ್ಯದಲ್ಲಿ ಸೂಜಿ ಇರುತ್ತದೆ, ಅಂದರೆ ಅದು ಎಸ್‌ಎಂಎ ಮೇಲ್. ಅದಕ್ಕೆ ಮಧ್ಯದಲ್ಲಿ ತೂತಿರುವ ಎಸ್‌ಎಂಎ ಫೀಮೇಲ್ ಆಂಟೆನಾ ಬೇಕು. ಬೇರೆ ಅನೇಕ ತಯಾರಕರ ರೇಡಿಯೊಗಳಲ್ಲಿ ಇದು ತಿರುಗುಮುರುಗಾಗಿರುತ್ತದೆ. ಆಂಟೆನಾ ಹಾಕುವಾಗ ಬುಡವನ್ನು ಹಿಡಿದು ಕೈಬಿಗಿಗೆ ಮಾತ್ರ ತಿರುಗಿಸಿ, ಇಕ್ಕಳ ಬಳಸಬೇಡಿ.

ಕೈರೇಡಿಯೊದ ಆಂಟೆನಾಕ್ಕೆ ಇನ್ನರ್ಧ ಭಾಗವಾಗಿ ಕೆಲಸ ಮಾಡುವುದು ರೇಡಿಯೊದ ಒಡಲು ಮತ್ತು ಅದನ್ನು ಹಿಡಿದ ನಿಮ್ಮ ಕೈ. ಆ ಅರ್ಧವನ್ನು ಉತ್ತಮಪಡಿಸಲು ಒಂದು ಸರಳ ಉಪಾಯವಿದೆ: ಸುಮಾರು 49 ಸೆಂಟಿಮೀಟರ್ ಉದ್ದದ ತೆಳು ತಂತಿಯ ಒಂದು ತುದಿಯನ್ನು ಆಂಟೆನಾ ಕನೆಕ್ಟರಿನ ಹೊರ ಲೋಹಕ್ಕೆ ತಾಗುವಂತೆ ಸಿಕ್ಕಿಸಿ, ಉಳಿದದ್ದನ್ನು ಕೆಳಗೆ ಇಳಿಬಿಡಿ. ಇದಕ್ಕೆ ಹ್ಯಾಮ್‌ಗಳು ಟೈಗರ್ ಟೇಲ್ ಎನ್ನುತ್ತಾರೆ. ತಂತಿ ಮಧ್ಯದ ಸೂಜಿಗೆ ತಾಗದಂತೆ ಎಚ್ಚರವಿರಲಿ. 2 ಮೀಟರ್ ಬ್ಯಾಂಡಿನಲ್ಲಿ ಇದರ ಫಲ ಖರ್ಚಿಗೆ ಹೋಲಿಸಿದರೆ ಆಶ್ಚರ್ಯವಾಗುವಷ್ಟಿದೆ.

ಮನೆಯಲ್ಲೇ ಆಂಟೆನಾ ಮಾಡಿಕೊಳ್ಳಬಹುದೆ?

ಖಂಡಿತ ಮಾಡಿಕೊಳ್ಳಬಹುದು, ಮಾಡಿಕೊಳ್ಳಲೇಬೇಕು ಎಂದು ಒತ್ತಿ ಹೇಳುತ್ತೇನೆ. ಮೊದಲ ಪ್ರಯತ್ನಕ್ಕೆ ಕಾಲು ತರಂಗದ ಗ್ರೌಂಡ್ ಪ್ಲೇನ್ (ನೆಟ್ಟಗಿನ ತಂತಿಯ ಬುಡದಲ್ಲಿ ನಾಲ್ಕು ತಂತಿಗಳು ನೆಲದಂತೆ ಕೆಲಸ ಮಾಡುವ) ಆಂಟೆನಾದಷ್ಟು ಯೋಗ್ಯವಾದದ್ದು ಬೇರೊಂದಿಲ್ಲ.

ಇದಕ್ಕೆ ಬೇಕಾದುದು ನಾಲ್ಕು ಮೂಲೆಗಳಲ್ಲಿ ತೂತಿರುವ ಒಂದು ಎಸ್‌ಓ-239 ಪ್ಯಾನೆಲ್ ಸಾಕೆಟ್, 2 ಮಿಲಿಮೀಟರ್ ದಪ್ಪದ ಎರಡೂವರೆ ಮೀಟರಿಗೂ ಸ್ವಲ್ಪ ಹೆಚ್ಚು ತಾಮ್ರದ ತಂತಿ, ನಾಲ್ಕು ಸಣ್ಣ ಸ್ಕ್ರೂ ಮತ್ತು ನಟ್ಟು, ಹಾಗೂ ಬೆಸುಗೆ ಹಾಕುವ ಉಪಕರಣ. ಉದ್ದದ ಲೆಕ್ಕ ಹೀಗೆ: 300ನ್ನು ಮೆಗಾಹರ್ಟ್ಸ್‌ನಲ್ಲಿರುವ ಫ್ರೀಕ್ವೆನ್ಸಿಯಿಂದ ಭಾಗಿಸಿದರೆ ತರಂಗಾಂತರ ಮೀಟರಿನಲ್ಲಿ ಬರುತ್ತದೆ. 145 ಮೆಗಾಹರ್ಟ್ಸ್‌ಗೆ ಅದು 2.07 ಮೀಟರ್, ಅದರ ಕಾಲುಭಾಗ 51.7 ಸೆಂಟಿಮೀಟರ್. ತಂತಿಯ ದಪ್ಪ ಮತ್ತು ತುದಿಯ ಪರಿಣಾಮಗಳಿಂದ ನಿಜವಾಗಿ ಬೇಕಾಗುವ ಉದ್ದ ಸುಮಾರು ನೂರಕ್ಕೆ ಐದರಷ್ಟು ಕಡಿಮೆ, ಅಂದರೆ 49 ಸೆಂಟಿಮೀಟರ್.

ನೆಟ್ಟಗೆ ನಿಲ್ಲುವ ತಂತಿಯನ್ನು 51 ಸೆಂಟಿಮೀಟರಿಗೆ ಕತ್ತರಿಸಿಕೊಳ್ಳಿ. ಕತ್ತರಿಸಿ ಕಡಿಮೆ ಮಾಡಬಹುದು, ಕೂಡಿಸಲು ಬರುವುದಿಲ್ಲ. ಸಾಕೆಟ್ಟಿನ ಹಿಂಬದಿಯಲ್ಲಿ ಮಧ್ಯದ ಪಿನ್ನು ಒಂದು ಸಣ್ಣ ಬಟ್ಟಲಿನಂತೆ ಇರುತ್ತದೆ. ಮೊದಲು ಆ ಬಟ್ಟಲನ್ನೇ ಚೆನ್ನಾಗಿ ಬಿಸಿ ಮಾಡಿ, ಸೀಸ ಕರಗಿ ಒಳಗೆ ತುಂಬಿಕೊಂಡ ಮೇಲೆ ತಂತಿಯನ್ನು ಇಳಿಸಿ, ಅದು ಮಂಕಾಗಿ ಗಟ್ಟಿಯಾಗುವವರೆಗೆ ಅಲುಗಾಡದಂತೆ ಹಿಡಿಯಿರಿ. ಚಿಕ್ಕ ಬೆಸುಗೆ ಕಡ್ಡಿಯ ಬಿಸಿ ಇದಕ್ಕೆ ಸಾಲದು. 60 ವ್ಯಾಟ್ ಇಲ್ಲವೇ ಅದಕ್ಕಿಂತ ಹೆಚ್ಚಿನದು ಬೇಕು. ಬಳಿಕ 52 ಸೆಂಟಿಮೀಟರಿನ ನಾಲ್ಕು ತಂತಿಗಳ ತುದಿಗಳನ್ನು ಸಣ್ಣ ಕೊಕ್ಕೆಯಾಗಿ ಬಗ್ಗಿಸಿ, ನಾಲ್ಕು ಮೂಲೆಗಳ ತೂತುಗಳಿಗೆ ಸ್ಕ್ರೂಗಳಿಂದ ಬಿಗಿಯಾಗಿ ಕೂಡಿಸಿ. ಈ ನಾಲ್ಕೂ ಅಡ್ಡವಾಗಿ ಮಟ್ಟಸವಾಗಿದ್ದರೆ ಆಂಟೆನಾದ ಇಂಪಿಡೆನ್ಸ್ (ವಿದ್ಯುತ್ ಹರಿವಿಗೆ ಅದು ಒಡ್ಡುವ ತಡೆ) ಸುಮಾರು 36 ಓಮ್ ಆಗುತ್ತದೆ. ಅವನ್ನು ಕೆಳಕ್ಕೆ 45 ಡಿಗ್ರಿ ಬಗ್ಗಿಸಿದರೆ ಅದು ರೇಡಿಯೊಗೂ ಕೇಬಲ್ಲಿಗೂ ಬೇಕಾದ 50 ಓಮ್‌ಗೆ ಹತ್ತಿರ ಬರುತ್ತದೆ. ತುದಿಗಳು ಕಣ್ಣಿಗೆ ಚುಚ್ಚದಂತೆ ಎಲ್ಲ ತಂತಿಗಳ ಕೊನೆಯಲ್ಲಿ ಒಂದು ಚಿಕ್ಕ ಸುತ್ತು ಹಾಕಿ, ಉದ್ದವನ್ನು ಆ ಸುತ್ತಿನ ತುದಿಯವರೆಗೆ ಅಳೆಯಿರಿ.

ಈಗ ಟ್ಯೂನಿಂಗ್. ಎಸ್‌ಡಬ್ಲ್ಯೂಆರ್ (ಆಂಟೆನಾ ಹಿಂದಕ್ಕೆ ಕಳಿಸುವ ಶಕ್ತಿಯ ಸೂಚಕ; ಅಳೆಯುವ ಬಗೆ ಮುಂದಿದೆ) ಯಾವ ಫ್ರೀಕ್ವೆನ್ಸಿಯಲ್ಲಿ ಅತ್ಯಂತ ಕಡಿಮೆ ಇದೆ ಎಂದು ನೋಡಿ. ಅದು 142 ಮೆಗಾಹರ್ಟ್ಸ್‌ನಲ್ಲಿದ್ದರೆ ತಂತಿ ಉದ್ದವಾಗಿದೆ ಎಂದರ್ಥ. ಈ ಉದ್ದದಲ್ಲಿ 1 ಸೆಂಟಿಮೀಟರ್ ಕತ್ತರಿಸಿದರೆ ಸುಮಾರು 3 ಮೆಗಾಹರ್ಟ್ಸ್ ಮೇಲೇರುತ್ತದೆ. ಆದ್ದರಿಂದ ಕೊನೆಯಲ್ಲಿ ಎರಡೆರಡು ಮಿಲಿಮೀಟರ್ ಮಾತ್ರ ಕತ್ತರಿಸುತ್ತ, ಪ್ರತಿ ಸಲವೂ ಅಳೆಯುತ್ತ ಹೋಗಿ. ಅಳೆಯುವಾಗ ಆಂಟೆನಾ ನೆಲದಿಂದ ಎರಡು ಮೀಟರಾದರೂ ಮೇಲಿರಬೇಕು, ನೀವು ಅದರಿಂದ ದೂರ ನಿಂತಿರಬೇಕು. ಕೈ ಹತ್ತಿರ ಬಂದರೆ ಓದು ಬದಲಾಗುವುದು ನಿಮ್ಮ ಕಣ್ಣಿಗೇ ಕಾಣುತ್ತದೆ.

ಇದೇ ಆಂಟೆನಾ 70 ಸೆಂಟಿಮೀಟರ್ ಬ್ಯಾಂಡಿನಲ್ಲೂ ಕೆಲಸ ಮಾಡುತ್ತದೆ, ಏಕೆಂದರೆ ಅಲ್ಲಿ ಅದೇ ತಂತಿ ಮುಕ್ಕಾಲು ತರಂಗದ ಉದ್ದವಾಗುತ್ತದೆ. ಅಲ್ಲಿ ಅಲೆಗಳು ದಿಗಂತದ ಕಡೆಗಲ್ಲದೆ ಸ್ವಲ್ಪ ಮೇಲ್ಮುಖವಾಗಿ ಹೋಗುವುದರಿಂದ, ಆ ಬ್ಯಾಂಡನ್ನೇ ಹೆಚ್ಚು ಬಳಸುವವರು 16 ಸೆಂಟಿಮೀಟರಿನ ಇನ್ನೊಂದನ್ನು ಮಾಡಿಕೊಳ್ಳುವುದು ಲೇಸು.

ಗೇನ್ ಎಂದರೇನು? ಹೆಚ್ಚು ಗೇನ್ ಇದ್ದಷ್ಟೂ ಒಳ್ಳೆಯದೆ?

ಆಂಟೆನಾ ಹೊಸ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಇರುವ ಶಕ್ತಿಯನ್ನು ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದು ದಿಕ್ಕಿಗೆ ಕಡಿಮೆ ಹಂಚುತ್ತದೆ. ಟಾರ್ಚಿನ ಬೆಳಕನ್ನು ಕಿರಿದು ಮಾಡಿದಂತೆ. ಜಾಹೀರಾತುಗಳಲ್ಲಿ ಒಬ್ಬರು ಡಿಬಿಐ (ಎಲ್ಲ ದಿಕ್ಕಿಗೂ ಸಮನಾಗಿ ಹರಡುವ ಕಾಲ್ಪನಿಕ ಆಂಟೆನಾಕ್ಕೆ ಹೋಲಿಸಿದ ಡೆಸಿಬೆಲ್) ಎಂದೂ, ಮತ್ತೊಬ್ಬರು ಡಿಬಿಡಿ (ಡೈಪೋಲ್ ಎಂಬ ಸರಳ ಆಂಟೆನಾಕ್ಕೆ ಹೋಲಿಸಿದ್ದು) ಎಂದೂ ಬರೆಯುತ್ತಾರೆ. ಒಂದೇ ಆಂಟೆನಾದ ಡಿಬಿಐ ಅಂಕಿ ಡಿಬಿಡಿ ಅಂಕಿಗಿಂತ 2.15 ಹೆಚ್ಚಿರುತ್ತದೆ, ಬರೀ ಡಿಬಿ ಎಂದು ಬರೆದವರ ಮಾತನ್ನು ಗಣನೆಗೆ ತೆಗೆದುಕೊಳ್ಳಬೇಡಿ. ಗಿಡ್ಡ ಆಂಟೆನಾಕ್ಕೆ ದೊಡ್ಡ ಗೇನ್ ಹೇಳಿದ್ದರೆ ಅದನ್ನೂ ನಂಬಬೇಡಿ.

ಒಂದೇ ದಿಕ್ಕಿನಲ್ಲಿರುವ ದೂರದ ರಿಪೀಟರನ್ನು, ಅಂದರೆ ಕೇಳಿದ್ದನ್ನು ಮರುಪ್ರಸಾರ ಮಾಡುವ ನಿಲಯವನ್ನು, ಮುಟ್ಟಬೇಕಾದರೆ ಯಾಗಿ ಆಂಟೆನಾ ಸೂಕ್ತ. ಜಪಾನಿನ ಶಿಂಟಾರೊ ಉಡ ಮತ್ತು ಹಿಡೆತ್ಸುಗು ಯಾಗಿ 1920ರ ದಶಕದಲ್ಲಿ ರೂಪಿಸಿದ ಈ ವಿನ್ಯಾಸವನ್ನು ಮರದ ಪಟ್ಟಿ ಮತ್ತು ಲೋಹದ ಕಡ್ಡಿಗಳಿಂದ ಮನೆಯಲ್ಲೇ ಮಾಡಬಹುದು. ಮೂರು ಕಡ್ಡಿಗಳ ಯಾಗಿಯೂ ಶಕ್ತಿಯನ್ನು ಮೂರು ನಾಲ್ಕು ಪಟ್ಟು ಹೆಚ್ಚಿಸಿದಷ್ಟು ಫಲ ಕೊಡುತ್ತದೆ. ರಿಪೀಟರ್ ಆಂಟೆನಾ ನೆಟ್ಟಗೆ ನಿಂತಿದ್ದರೆ ನಿಮ್ಮ ಯಾಗಿಯ ಕಡ್ಡಿಗಳೂ ನೆಟ್ಟಗೆ ಇರಬೇಕು. ಒಬ್ಬರದು ನೆಟ್ಟಗೆ, ಇನ್ನೊಬ್ಬರದು ಅಡ್ಡವಾಗಿದ್ದರೆ ಸಂಕೇತ 20 ಡೆಸಿಬೆಲ್‌ನಷ್ಟು ಕುಸಿಯಬಹುದು. ಕೈರೇಡಿಯೊವನ್ನು ಮಲಗಿಸಿ ಹಿಡಿದು ಮಾತನಾಡಬಾರದು ಎನ್ನುವುದೂ ಇದೇ ಕಾರಣಕ್ಕೆ.

ಮಹಡಿಯ ಮೇಲಿನ ದೊಡ್ಡ ಆಂಟೆನಾವನ್ನು ಕೈರೇಡಿಯೊಗೆ ಜೋಡಿಸಿದ ಮೇಲೆ ಮೊದಲಿಗಿಂತ ಕಡಿಮೆ ಕೇಳುತ್ತಿದೆ. ಏಕೆ?

ಹಿಂದೆ ಹೇಳಿದ ದುರ್ಬಲ ಫಿಲ್ಟರ್‌ಗಳ ಫಲವಿದು. ಎತ್ತರದ ಆಂಟೆನಾ ನಿಮಗೆ ಬೇಕಾದ ಸಂಕೇತದ ಜೊತೆಗೆ ಎಫ್‌ಎಂ ಪ್ರಸಾರ ಕೇಂದ್ರಗಳು, ಪೇಜರ್ ಸೇವೆಗಳು ಮುಂತಾದವುಗಳ ಪ್ರಬಲ ಸಂಕೇತಗಳನ್ನೂ ಹೊತ್ತು ತರುತ್ತದೆ. ಗ್ರಾಹಕ ಅವುಗಳ ಭಾರಕ್ಕೆ ಕುಸಿಯುತ್ತದೆ. ಆಂಟೆನಾ ಮತ್ತು ರೇಡಿಯೊ ನಡುವೆ ನೀವು ಬಳಸುವ ಬ್ಯಾಂಡನ್ನು ಮಾತ್ರ ಒಳಬಿಡುವ ಬ್ಯಾಂಡ್‌ಪಾಸ್ ಫಿಲ್ಟರ್ ಹಾಕಿದರೆ ಸರಿಹೋಗುತ್ತದೆ. ಆದರೆ ಆ ಫಿಲ್ಟರ್ ನಿಮ್ಮ ಪ್ರಸಾರದ ಶಕ್ತಿಯನ್ನು ತಡೆದುಕೊಳ್ಳುವಂಥದ್ದಿರಬೇಕು. ಮನೆಯಲ್ಲಿ ಸ್ಥಿರ ನಿಲಯ ಮಾಡುವ ಯೋಚನೆ ಇದ್ದರೆ, ಹೆಸರಾಂತ ತಯಾರಕರ ಹಳೆಯ ಮೊಬೈಲ್ ರೇಡಿಯೊವೊಂದನ್ನು (ವಾಹನದಲ್ಲಿ ಕೂರಿಸುವ ರೇಡಿಯೊ) ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳುವುದು ನನ್ನ ಮಟ್ಟಿಗೆ ಇನ್ನೂ ಒಳ್ಳೆಯ ದಾರಿ.

ಯಾವ ಕೇಬಲ್ ಬಳಸಬೇಕು?

ಹೊಸಬರ ಹಣ ಸದ್ದಿಲ್ಲದೆ ಸೋರಿಹೋಗುವ ಜಾಗ ಇದು. ಆರ್‌ಜಿ-58 ಎಂಬ ತೆಳು ಕೋಆಕ್ಸ್ ಕೇಬಲ್ 145 ಮೆಗಾಹರ್ಟ್ಸ್‌ನಲ್ಲಿ 10 ಮೀಟರಿಗೆ ಹತ್ತಿರ ಹತ್ತಿರ 2 ಡೆಸಿಬೆಲ್ ನುಂಗುತ್ತದೆ. 435 ಮೆಗಾಹರ್ಟ್ಸ್‌ನಲ್ಲಿ 3 ಡೆಸಿಬೆಲ್‌ಗೂ ಹೆಚ್ಚು. ಎಂದರೆ, 5 ವ್ಯಾಟ್ ಕಳುಹಿಸಿದರೆ ಆಂಟೆನಾ ತಲುಪುವುದು ಅರ್ಧಕ್ಕಿಂತ ಕಡಿಮೆ, ಉಳಿದದ್ದು ಕೇಬಲ್ಲಿನಲ್ಲೇ ಬಿಸಿಯಾಗಿ ಮುಗಿಯುತ್ತದೆ. ಕೇಳುವ ಸಂಕೇತಕ್ಕೂ ಇದೇ ಗತಿ. ಆರ್‌ಜಿ-213 ಹಾಕಿದರೆ ಈ ನಷ್ಟ ಅರ್ಧದಷ್ಟಕ್ಕೆ ಇಳಿಯುತ್ತದೆ, ಎಲ್‌ಎಂಆರ್-400 ಬಗೆಯ ಕೇಬಲ್ಲಿನಲ್ಲಿ ಇನ್ನೂ ಕಡಿಮೆ. ಎರಡು ಮೂರು ಮೀಟರಿನ ತುಂಡಿಗೆ ಆರ್‌ಜಿ-58 ಧಾರಾಳವಾಗಿ ಸಾಕು. ಟಿವಿಗೆ ಬಳಸುವ ಕೇಬಲ್ 75 ಓಮ್‌ನದು; ಕೇಳುವುದಕ್ಕಷ್ಟೇ ಆದರೆ ಅದರಿಂದ ತೊಂದರೆಯಿಲ್ಲ.

ಕೈರೇಡಿಯೊದ ಪುಟ್ಟ ಕನೆಕ್ಟರಿಗೆ ದಪ್ಪ ಕೇಬಲ್ಲನ್ನು ನೇರವಾಗಿ ತಗುಲಿಸಿದರೆ ಅದರ ಭಾರಕ್ಕೆ ಕನೆಕ್ಟರ್ ಮುರಿಯುತ್ತದೆ. ನಡುವೆ ಅರ್ಧ ಮೀಟರಿನ ಮೆತ್ತಗಿನ ತುಂಡು ಕೇಬಲ್ ಇರಲಿ. ಹೊರಗಿರುವ ಪ್ರತಿ ಜೋಡಣೆಗೂ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಎಳೆದು ಸುತ್ತಿ. ಒಮ್ಮೆ ಒಳಗೆ ನೀರಿಳಿದ ಕೇಬಲ್ ಮತ್ತೆ ಸರಿಯಾಗುವುದಿಲ್ಲ.

ಎಸ್‌ಡಬ್ಲ್ಯೂಆರ್ ಎಷ್ಟಿರಬೇಕು? ಅಳೆಯುವುದು ಹೇಗೆ?

ಆಂಟೆನಾ ಒಪ್ಪಿಕೊಳ್ಳದೆ ಹಿಂದಕ್ಕೆ ಕಳಿಸುವ ಶಕ್ತಿಯ ಸೂಚಕವೇ ಎಸ್‌ಡಬ್ಲ್ಯೂಆರ್. 1.5 ಇದ್ದರೆ ಹಿಂತಿರುಗುವುದು ನೂರಕ್ಕೆ 4 ಭಾಗ, 2 ಇದ್ದರೆ 11 ಭಾಗ, 3 ಇದ್ದರೆ 25 ಭಾಗ. 2ರ ಒಳಗಿದ್ದರೆ ನೆಮ್ಮದಿಯಾಗಿ ಬಳಸಿ, 1.4ನ್ನು 1.1ಕ್ಕೆ ಇಳಿಸಲು ದಿನಗಟ್ಟಲೆ ಕೂರುವ ಅಗತ್ಯವಿಲ್ಲ. ಅಳೆಯಲು ನ್ಯಾನೊವಿಎನ್‌ಎ ಎಂಬ ಅಂಗೈಯಗಲದ ಉಪಕರಣ ಕಡಿಮೆ ಬೆಲೆಗೆ ಸಿಗುತ್ತದೆ. ರೇಡಿಯೊ ಮೇಲೆ ಖರ್ಚು ಮಾಡಿದಷ್ಟೇ ಹಣವನ್ನು ಇದರ ಮೇಲೆ ಹಾಕಿದರೂ ನಷ್ಟವಿಲ್ಲ. ಪ್ರತಿ ಸಲ ಬಳಸುವ ಮುನ್ನ ಅದರ ಜೊತೆ ಬರುವ ಓಪನ್, ಶಾರ್ಟ್, ಲೋಡ್ ಎಂಬ ಮೂರು ತುಂಡುಗಳಿಂದ ಕ್ಯಾಲಿಬ್ರೇಟ್ ಮಾಡಿಕೊಳ್ಳಬೇಕು.

ಎಸ್‌ಡಬ್ಲ್ಯೂಆರ್ ಕಡಿಮೆ ಇದ್ದ ಮಾತ್ರಕ್ಕೆ ಆಂಟೆನಾ ಒಳ್ಳೆಯದು ಎಂದಲ್ಲ. ಉದ್ದನೆಯ ಕಳಪೆ ಕೇಬಲ್ಲಿನ ತುದಿಯಲ್ಲಿ ಕೆಟ್ಟ ಆಂಟೆನಾ ಇದ್ದರೂ, ಹಿಂತಿರುಗುವ ಶಕ್ತಿ ದಾರಿಯಲ್ಲೇ ಕರಗುವುದರಿಂದ ಮೀಟರಿನಲ್ಲಿ ಒಳ್ಳೆಯ ಅಂಕಿ ಕಾಣುತ್ತದೆ. ಆಂಟೆನಾದ ಬುಡದಲ್ಲೇ ಅಳೆಯುವುದು ಇದಕ್ಕೆ ಪರಿಹಾರ. ಇನ್ನು, ಆಂಟೆನಾ ಹಾಕದೆ ಯಾವ ಕಾರಣಕ್ಕೂ ಪಿಟಿಟಿ ಗುಂಡಿ, ಅಂದರೆ ಮಾತನಾಡಲು ಒತ್ತುವ ಗುಂಡಿ, ಒತ್ತಬೇಡಿ. ಅಂತಿಮ ಹಂತದ ಟ್ರಾನ್ಸಿಸ್ಟರ್ ಸುಡಬಹುದು.

ಚಾನೆಲ್‌ಗಳನ್ನು ತುಂಬುವುದು ಹೇಗೆ?

ಕೀಲಿಗಳನ್ನು ಒತ್ತಿ ತುಂಬಬಹುದಾದರೂ, ಚರ್ಪ್ ಎಂಬ ಉಚಿತ ತಂತ್ರಾಂಶ ಮತ್ತು ಒಂದು ಯುಎಸ್‌ಬಿ ಕೇಬಲ್ ಇದ್ದರೆ ಕೆಲಸ ಹಗುರ. ಮೊದಲು ರೇಡಿಯೊದಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಆ ಕಡತವನ್ನು ಹಾಗೆಯೇ ಬೇರೆಡೆ ಉಳಿಸಿಡಿ. ಬದಲಾವಣೆ ಮಾಡುವುದು ಅದರ ಪ್ರತಿಯಲ್ಲಿ. ಕಂಪ್ಯೂಟರ್ ಕೇಬಲ್ಲನ್ನು ಗುರುತಿಸದಿದ್ದರೆ, ಎಷ್ಟೋ ಸಲ ಕಾರಣ ಕೇಬಲ್ಲಿನೊಳಗಿನ ನಕಲಿ ಪ್ರೊಲಿಫಿಕ್ ಚಿಪ್; ಎಫ್‌ಟಿಡಿಐ ಅಥವಾ ಸಿಎಚ್340 ಚಿಪ್ ಇರುವ ಕೇಬಲ್ ಕೇಳಿ ಕೊಂಡರೆ ಈ ತಲೆನೋವು ಇರುವುದಿಲ್ಲ. ಪ್ಲಗ್ಗನ್ನು ಕೊನೆಯವರೆಗೂ ಒತ್ತಿ ಕೂರಿಸುವುದನ್ನು ಮರೆಯಬೇಡಿ.

ರಿಪೀಟರ್ ಮಾತು ನನಗೆ ಕೇಳುತ್ತದೆ, ನನ್ನ ಮಾತು ಅದಕ್ಕೆ ಕೇಳುವುದಿಲ್ಲ. ಎಲ್ಲಿ ತಪ್ಪಿದೆ?

ರಿಪೀಟರ್ ಎತ್ತರದ ಜಾಗದಲ್ಲಿ ಕುಳಿತು, ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿದ್ದನ್ನು ಇನ್ನೊಂದರಲ್ಲಿ ಆ ಕ್ಷಣವೇ ಮರುಪ್ರಸಾರ ಮಾಡುತ್ತದೆ. 2 ಮೀಟರಿನಲ್ಲಿ ಇವೆರಡರ ಅಂತರ ಸಾಮಾನ್ಯವಾಗಿ 600 ಕಿಲೋಹರ್ಟ್ಸ್. ಈ ಅಂತರವನ್ನೂ, ಅದು ಕೂಡಬೇಕೊ ಕಳೆಯಬೇಕೊ ಎಂಬುದನ್ನೂ ಮೊದಲು ಪರೀಕ್ಷಿಸಿ. ಮುಂದಿನ ಅನುಮಾನ ಟೋನ್ ಮೇಲಿರಲಿ. ಬಹುಪಾಲು ರಿಪೀಟರ್‌ಗಳು ನಿಮ್ಮ ಧ್ವನಿಯ ಅಡಿಯಲ್ಲಿ ಸಿಟಿಸಿಎಸ್‌ಎಸ್ ಎಂಬ ಸಣ್ಣ ಸ್ವರವೊಂದು, ಉದಾಹರಣೆಗೆ 88.5 ಹರ್ಟ್ಸ್, ಇದ್ದರೆ ಮಾತ್ರ ತೆರೆದುಕೊಳ್ಳುತ್ತವೆ. ಪ್ರಸಾರದ ಟೋನನ್ನಷ್ಟೇ ಹಾಕಿ. ಗ್ರಹಣದ ಟೋನನ್ನೂ ಹಾಕಿ ಅದು ಹೊಂದದೆ ಹೋದರೆ ರೇಡಿಯೊ ಮೂಕವಾಗುತ್ತದೆ. ಈ ಟೋನಿನಿಂದ ಮಾತು ಗುಟ್ಟಾಗುವುದಿಲ್ಲ, ಅದೇ ಫ್ರೀಕ್ವೆನ್ಸಿಯಲ್ಲಿರುವ ಯಾರಿಗಾದರೂ ನಿಮ್ಮ ಮಾತು ಕೇಳುತ್ತದೆ.

ಇವೆರಡೂ ಸರಿಯಿದ್ದರೆ ಉಳಿಯುವುದು ದೂರದ ಪ್ರಶ್ನೆ. ರಿಪೀಟರ್ ಹೆಚ್ಚಿನ ಶಕ್ತಿಯಲ್ಲಿ ಕಳುಹಿಸುವುದರಿಂದ ನಿಮಗೆ ಕೇಳುತ್ತದೆ, ನಿಮ್ಮ 5 ವ್ಯಾಟ್ ಅಲ್ಲಿಗೆ ಮುಟ್ಟುವುದಿಲ್ಲ. ಒಂದೆರಡು ಹೆಜ್ಜೆ ಸರಿದು ನೋಡಿ. ಗೋಡೆಗಳಿಂದ ಪ್ರತಿಫಲಿಸಿದ ಅಲೆಗಳು ಒಂದನ್ನೊಂದು ಅಳಿಸುವ ಜಾಗದಲ್ಲಿ ನೀವು ನಿಂತಿದ್ದರೆ ಅಷ್ಟಕ್ಕೇ ಸರಿಹೋಗಬಹುದು.

ಮಾತನಾಡುವಾಗ ಪಾಲಿಸಬೇಕಾದದ್ದು ಏನು?

ಮೊದಲು ಕೇಳಿಸಿಕೊಳ್ಳಿ. ಗುಂಡಿ ಒತ್ತಿ ಅರ್ಧ ಸೆಕೆಂಡಾದರೂ ತಡೆದು ಮಾತು ಆರಂಭಿಸಿ, ಇಲ್ಲದಿದ್ದರೆ ಮೊದಲ ಪದ ಕತ್ತರಿಸಿ ಹೋಗುತ್ತದೆ. ರೇಡಿಯೊವನ್ನು ಬಾಯಿಯಿಂದ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ, ನೆಟ್ಟಗೆ ಹಿಡಿದು, ಎಂದಿನ ದನಿಯಲ್ಲಿ ಮಾತನಾಡಿ. ಕೂಗಿದರೆ ಧ್ವನಿ ಒಡೆಯುತ್ತದೆ. ನಿಮ್ಮ ಕರೆ ಸಂಕೇತವನ್ನು ಆರಂಭದಲ್ಲೂ ಕೊನೆಯಲ್ಲೂ ಸ್ಪಷ್ಟವಾಗಿ ಹೇಳಿ.

ಪರವಾನಗಿ ಬರುವವರೆಗೆ ಏನು ಮಾಡಬಹುದು?

ನಿಮ್ಮಲ್ಲಿ ನಿಯಮ ಅವಕಾಶ ಕೊಡುವುದಾದರೆ ಕೇಳುತ್ತಿರಿ. ಸ್ಥಳೀಯ ರಿಪೀಟರ್‌ನಲ್ಲಿ ಅನುಭವಿಗಳು ಹೇಗೆ ಕರೆಯುತ್ತಾರೆ, ಹೇಗೆ ಸರದಿ ಬಿಟ್ಟುಕೊಡುತ್ತಾರೆ ಎಂಬುದು ಕೇಳಿಯೇ ಬರಬೇಕಾದ ವಿದ್ಯೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೂ ಹ್ಯಾಮ್ ರೇಡಿಯೊ ಇದೆ. ಗಗನಯಾತ್ರಿಗಳು ಶಾಲಾ ಮಕ್ಕಳೊಂದಿಗೆ ಮಾತನಾಡುವಾಗ ಅವರ ಧ್ವನಿ 145.800 ಮೆಗಾಹರ್ಟ್ಸ್‌ನಲ್ಲಿ ಕೆಳಗಿಳಿಯುತ್ತದೆ. ನಿಲ್ದಾಣ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿದ್ದರೂ, ನಡುವೆ ಅಡ್ಡಿಯಿಲ್ಲದ ಕಾರಣ ಉದ್ದನೆಯ ಆಂಟೆನಾ ಹಾಕಿದ ಅಗ್ಗದ ಕೈರೇಡಿಯೊಗೂ ಅದು ಕೇಳುತ್ತದೆ. ಎತ್ತರದ ಮಹಿಮೆಯನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪ್ರಯೋಗವಿಲ್ಲ. ಒಂದು ಹಾದುಹೋಗುವಿಕೆ ಹೆಚ್ಚೆಂದರೆ ಹತ್ತು ನಿಮಿಷ. ಬರುವಾಗ ಫ್ರೀಕ್ವೆನ್ಸಿ 3 ಕಿಲೋಹರ್ಟ್ಸ್‌ನಷ್ಟು ಮೇಲೂ, ಹೋಗುವಾಗ ಅಷ್ಟೇ ಕೆಳಗೂ ಸರಿಯುತ್ತದೆ.

ಈ ರೇಡಿಯೊಗಳು 136ರಿಂದ 174 ಮೆಗಾಹರ್ಟ್ಸ್‌ವರೆಗೆ ಎಲ್ಲಿ ಬೇಕಾದರೂ ಪ್ರಸಾರ ಮಾಡಬಲ್ಲವು. ಆ ಪಟ್ಟಿಯಲ್ಲಿ ಹಡಗುಗಳು ಅಪಾಯದ ಕರೆಗೆ ಬಳಸುವ 156.8 ಮೆಗಾಹರ್ಟ್ಸ್ ಇದೆ, ಅನೇಕ ದೇಶಗಳಲ್ಲಿ ಪೊಲೀಸರು, ಅಗ್ನಿಶಾಮಕ ದಳದವರು ಬಳಸುವ ಚಾನೆಲ್‌ಗಳೂ ಇವೆ. ಅಲ್ಲಿ ತಮಾಷೆಗಾಗಿ ಒತ್ತಿದ ಒಂದು ಗುಂಡಿ ಯಾರದೋ ಜೀವಕ್ಕೆ ಎರವಾಗಬಹುದು. ಮಕ್ಕಳ ಕೈಗೆ ಕೊಡುವ ಮುನ್ನ ಅಂಥ ಚಾನೆಲ್‌ಗಳಲ್ಲಿ ಪ್ರಸಾರವನ್ನು ತಂತ್ರಾಂಶದಲ್ಲೇ ತಡೆಹಿಡಿಯಿರಿ.

ಕಾರಿನೊಳಗಿಂದ ಮಾತು ಸರಿಯಾಗಿ ಹೋಗುವುದಿಲ್ಲವಲ್ಲ?

ಕಾರಿನ ಲೋಹದ ಕವಚ ಅಲೆಗಳನ್ನು ಒಳಗೇ ಹಿಡಿದಿಡುತ್ತದೆ. ಅಯಸ್ಕಾಂತದ ಬುಡವಿರುವ ಆಂಟೆನಾವನ್ನು ಚಾವಣಿಯ ನಡುಮಧ್ಯದಲ್ಲಿ ಕೂರಿಸಿ. ಆ ಲೋಹದ ಚಾವಣಿಯೇ ಅದಕ್ಕೆ ಗ್ರೌಂಡ್ ಪ್ಲೇನ್. ಮನೆಯಲ್ಲೂ ಇದೇ ಆಂಟೆನಾವನ್ನು ಅಗಲವಾದ ಕಬ್ಬಿಣದ ತಗಡಿನ ಮೇಲಿಟ್ಟು ಬಳಸಬಹುದು.

ಬ್ಯಾಟರಿಯನ್ನು ಹೇಗೆ ಕಾಪಾಡಬೇಕು?

ಲಿಥಿಯಂ-ಅಯಾನ್ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬೇಡಿ, ಬಿಸಿಲಲ್ಲಿ ನಿಂತ ವಾಹನದಲ್ಲಿ ಬಿಡಬೇಡಿ. ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಅರ್ಧ ಚಾರ್ಜ್ ಮಾಡಿ ರೇಡಿಯೊದಿಂದ ಬೇರ್ಪಡಿಸಿಡಿ. ಹತ್ತಿರದವರ ಜೊತೆ ಮಾತನಾಡುವಾಗ ಕಡಿಮೆ ಶಕ್ತಿಯನ್ನೇ ಆರಿಸಿಕೊಳ್ಳಿ. ಬ್ಯಾಟರಿ ಬಾಳುತ್ತದೆ, ಬೇರೆಯವರಿಗೂ ಅಡಚಣೆಯಾಗುವುದಿಲ್ಲ.

ಆಂಟೆನಾ ಏರಿಸುವಾಗ ಯಾವ ಎಚ್ಚರ ಬೇಕು?

ವಿದ್ಯುತ್ ತಂತಿಯ ಹತ್ತಿರ ಎಂದಿಗೂ ಬೇಡ. ಕಂಬ ಯಾವ ದಿಕ್ಕಿಗೆ ಬಿದ್ದರೂ ತಂತಿಗೆ ತಾಗದಷ್ಟು, ಅಂದರೆ ಕಂಬ ಮತ್ತು ಆಂಟೆನಾದ ಒಟ್ಟು ಉದ್ದಕ್ಕಿಂತ ಸಾಕಷ್ಟು ಹೆಚ್ಚು ದೂರ ಇರಬೇಕು. ಒಬ್ಬರೇ ಏರಿಸಲು ಹೋಗಬೇಡಿ, ಗಾಳಿ ಇರುವಾಗಲಂತೂ ಬೇಡವೇ ಬೇಡ. ಲೋಹದ ಕಂಬವನ್ನು ಭೂಸಂಪರ್ಕಕ್ಕೆ ಜೋಡಿಸಿ, ಕೇಬಲ್ ಮನೆಯೊಳಗೆ ಬರುವ ಕಡೆ ಸಿಡಿಲು ರಕ್ಷಕವನ್ನು ಹಾಕಿ, ಅದನ್ನೂ ಅದೇ ಭೂಸಂಪರ್ಕಕ್ಕೆ ಸೇರಿಸಿ. ಇದು ನೇರ ಸಿಡಿಲನ್ನು ತಡೆಯುವುದಿಲ್ಲ. ಆದ್ದರಿಂದ ಗುಡುಗಿನ ಸೂಚನೆ ಕಾಣುವ ಮುನ್ನವೇ ಕೇಬಲ್ಲನ್ನು ರೇಡಿಯೊದಿಂದ ಕಳಚಿ ಹೊರಗಿಡಬೇಕು. ಗುಡುಗು ಆರಂಭವಾದ ಮೇಲೆ ಅದನ್ನು ಮುಟ್ಟಲು ಹೋಗಬಾರದು.